ಗಾಯಕ್ಕೆ ಆಜ್ಞೆ, ಬೆಳವಣಿಗೆಗೆ ತಡೆಯಾಜ್ಞೆ

ಆಟದಲ್ಲಿ ಬಿದ್ದ ಮಗುವಿನ ಮೊಣಕಾಲು ತರಚಿದರೆ ಕೆಲವೇ ದಿನಗಳಲ್ಲಿ ಹಕ್ಕಳೆ ಉದುರಿ ಹೊಸ ಚರ್ಮ ಕಾಣಿಸುತ್ತದೆ. ಗಾಯ ತುಂಬಿದೊಡನೆ ಆ ಚರ್ಮ ಬೆಳೆಯುವುದನ್ನು ನಿಲ್ಲಿಸುವುದೇಕೆ? ಕ್ಯಾನ್ಸರಿನ ಮರ್ಮವೂ ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಅಮೆರಿಕದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್, ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದಾಗ ಎರಡು ವಾರಗಳ ಹೊತ್ತಿಗೆ ತೆರೆಯಬೇಕಾದ ಕಣ್ಣುಗಳು ಒಂದೇ ವಾರದಲ್ಲಿ ತೆರೆದವು. ಹಲ್ಲುಗಳೂ ಬೇಗ ಮೂಡಿದವು. ಕಾರಣ, 53 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನು. ಹೊರಚರ್ಮದ ಬೆಳವಣಿಗೆಯನ್ನು ಪ್ರಚೋದಿಸುವ ಈ ವೃದ್ಧಿಕಾರಕ ಮತ್ತು ನರಗಳ ವೃದ್ಧಿಕಾರಕದ ಶೋಧಗಳಿಗಾಗಿ ಕೋಹೆನ್ ಹಾಗೂ ರೀಟಾ ಲೇವಿ-ಮೊಂಟಾಲ್ಚಿನಿ 1986ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಹೊರಚರ್ಮದ ತಳಪದರದ ಜೀವಕೋಶಗಳು ಸದಾ ವಿಭಜನೆಗೊಳ್ಳುತ್ತಿರುತ್ತವೆ. ಹೊಸ ಕೋಶಗಳು ಮೇಲೇರಿ, ಸುಮಾರು ನಾಲ್ಕು ವಾರಗಳಲ್ಲಿ ಹೊಟ್ಟಿನಂತೆ ಉದುರುತ್ತವೆ. ವೃದ್ಧಿಕಾರಕವು ಕೋಶದ ಮೇಲ್ಮೈಯ ಗ್ರಾಹಿಗೆ ಅಂಟಿಕೊಂಡಾಗ ಎರಡು ಗ್ರಾಹಿಗಳು ಜೊತೆಗೂಡುತ್ತವೆ, ಸಂದೇಶವು ಕೈಯಿಂದ ಕೈಗೆ ದಾಟಿದಂತೆ ಕೋಶಕೇಂದ್ರವನ್ನು ಮುಟ್ಟುತ್ತದೆ, ಕೋಶವು ಎರಡಾಗುತ್ತದೆ. ಇದು ಆಜ್ಞೆ. ಇನ್ನೊಂದು ಬಗೆಯ ಪ್ರೋಟೀನು, ಟಿಜಿಎಫ್-ಬೀಟಾ, ಈ ವಿಭಜನೆಯನ್ನು ತಡೆಯುತ್ತದೆ. ಇದು ತಡೆಯಾಜ್ಞೆ. ಎರಡರ ಸಮತೋಲನವೇ ಆರೋಗ್ಯ.

ಈ ಜ್ಞಾನ ಜೀವಗಳನ್ನು ಉಳಿಸಿದೆ. ಹಾರ್ವರ್ಡಿನ ಹೊವರ್ಡ್ ಗ್ರೀನ್ ಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನವನ್ನು ರೂಪಿಸಿದರು. ಕೋಹೆನ್ನರ ವೃದ್ಧಿಕಾರಕ ಅದಕ್ಕೆ ನೆರವಾಯಿತು. 1983ರಲ್ಲಿ ದೇಹದ ಶೇ. 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಬಾಲಕರು, ತಮ್ಮದೇ ಚರ್ಮದ ಸಣ್ಣ ತುಣುಕಿನಿಂದ ಬೆಳೆಸಿದ ಹಾಳೆಗಳ ಕಸಿಯಿಂದ ಬದುಕಿದರು.

ಆಜ್ಞೆಯ ದಾರಿಯೇ ಕೆಟ್ಟರೆ? ಬಿಸಿಲಿನ ಅತಿನೇರಳೆ ಕಿರಣಗಳು ವಂಶವಾಹಿಗಳನ್ನು ಘಾಸಿಗೊಳಿಸುತ್ತವೆ. ಮೆಲನೋಮಾ ಎಂಬ ಉಗ್ರ ಚರ್ಮದ ಕ್ಯಾನ್ಸರಿನ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಬಿರಾಫ್ ಎಂಬ ಸಂದೇಶವಾಹಕ ಬದಲಾಗಿ, ಯಾರೂ ಕರೆಯದಿದ್ದರೂ 'ವಿಭಜಿಸು' ಎಂದು ಕೂಗುತ್ತಲೇ ಇರುತ್ತದೆ. ಅದನ್ನು ತಡೆಯುವ ಔಷಧಕ್ಕೆ ಅಮೆರಿಕದಲ್ಲಿ 2011ರಲ್ಲಿ ಮಾನ್ಯತೆ ದೊರೆಯಿತು. ಬೇರೆ ಕ್ಯಾನ್ಸರುಗಳಿಗೆ ಗ್ರಾಹಿಯನ್ನೇ ಮುಚ್ಚುವ ಔಷಧಗಳಿವೆ; ಅವನ್ನು ಪಡೆಯುವ ಅನೇಕರ ಮೈಮೇಲೆ ಮೊಡವೆಯಂತಹ ಗುಳ್ಳೆಗಳು ಏಳುತ್ತವೆ. ಆರೋಗ್ಯವಂತ ಚರ್ಮಕ್ಕೂ ಅದೇ ಆಜ್ಞೆ ಬೇಕೆಂಬುದಕ್ಕೆ ಅದೇ ಸಾಕ್ಷಿ.

ಆದುದರಿಂದ ವಾರಗಟ್ಟಲೆ ಮಾಯದ ಹುಣ್ಣನ್ನು, ಆಕಾರ ಅಥವಾ ಬಣ್ಣ ಬದಲಿಸುವ ಮಚ್ಚೆಯನ್ನು ಮನೆಮದ್ದಿಗೆ ಬಿಟ್ಟು ಕಾಯಬಾರದು, ವೈದ್ಯರಿಗೆ ತೋರಿಸಬೇಕು. ಮಗುವಿನ ಗಾಯ ತಾನಾಗಿ ಮಾಯುತ್ತದೆ. ಮಾಯದೆ ಉಳಿದ ಗಾಯ ಏನನ್ನೋ ಹೇಳುತ್ತಿರುತ್ತದೆ.