ಸೋಂಕು ಹೋಯಿತು, ಸ್ವಂತ ಬಲ ಮರಳಲಿ

2020ರ ಮಾರ್ಚ್‌ನಲ್ಲಿ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಅದು. ಆಮೇಲಿನ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯ ದಿನದ ಪ್ರಕಟಣೆಗಾಗಿ ಇಡೀ ರಾಜ್ಯ ಕಾಯುತ್ತಿತ್ತು. ಹೊಸದಾಗಿ ಸೋಂಕು ತಗುಲಿದವರೆಷ್ಟು, ಬಿಡುಗಡೆಯಾದವರೆಷ್ಟು, ಸತ್ತವರೆಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಆದರೆ ಆಸ್ಪತ್ರೆಯಿಂದ ಮನೆಗೆ ಹೋದ ಎಪ್ಪತ್ತು ದಾಟಿದ ಅಜ್ಜಿ ತಾನೇ ಸ್ನಾನ ಮಾಡಬಲ್ಲಳೇ, ರಾತ್ರಿ ಒಬ್ಬಳೇ ಎದ್ದು ಶೌಚಕ್ಕೆ ಹೋಗಿಬರಬಲ್ಲಳೇ ಎಂದು ಯಾರೂ ಲೆಕ್ಕ ಇಡಲಿಲ್ಲ. ವಯಸ್ಸಾದವರ ಚೇತರಿಕೆಯನ್ನು ಅಳೆಯಬೇಕಾದದ್ದು ಅಲ್ಲಿಯೇ.

ಈ ಅಳತೆ ಹೊಸದೇನಲ್ಲ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ತಂಡ 1963ರಲ್ಲಿಯೇ ಆರು ಕೆಲಸಗಳ ಪಟ್ಟಿಯೊಂದನ್ನು ಮುಂದಿಟ್ಟರು: ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇನ್ನೊಂದು ಪಟ್ಟಿ ಕೊಟ್ಟರು. ಫೋನ್ ಮಾಡುವುದು, ಅಂಗಡಿಗೆ ಹೋಗುವುದು, ಅಡುಗೆ, ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುವುದು, ಹಣಕಾಸು ನೋಡಿಕೊಳ್ಳುವುದು ಅದರಲ್ಲಿದ್ದವು. ಮೊದಲನೆಯ ಪಟ್ಟಿ ಮೈಯ ಸ್ವಾತಂತ್ರ್ಯದ್ದು, ಎರಡನೆಯದು ಮನೆಯ ಯಜಮಾನಿಕೆಯದ್ದು. ದೊಡ್ಡ ಕಾಯಿಲೆ ಎರಡಕ್ಕೂ ಪೆಟ್ಟು ಕೊಡುತ್ತದೆ.

ಬಲ ಹೋಗುವುದು ಎಲ್ಲಿಗೆ?

ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಇನ್ನು ಜ್ವರದಲ್ಲಿ ಬೆಂದು, ನಾಲಿಗೆ ರುಚಿ ಕಳೆದುಕೊಂಡು, ಸ್ಟೀರಾಯ್ಡ್ ತೆಗೆದುಕೊಂಡು, ವಾರಗಟ್ಟಲೆ ಆಮ್ಲಜನಕದ ಆಸರೆಯಲ್ಲಿ ಮಲಗಿದವರ ಪಾಡು ಊಹಿಸಬಹುದು. ಇಪ್ಪತ್ತರ ಹುಡುಗ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುತ್ತಾನೆ. ಎಪ್ಪತ್ತರ ಮೈಗೆ ತಿಂಗಳುಗಳೇ ಬೇಕು, ಅದೂ ಊಟ ಮತ್ತು ಓಡಾಟ ಎರಡೂ ಸೇರಿದರೆ ಮಾತ್ರ.

ಕೋವಿಡ್ ಒಂದರದೇ ಕಥೆಯಲ್ಲ ಇದು. 2006ರಲ್ಲಿ ರಾಜ್ಯವನ್ನು ಹಣ್ಣು ಮಾಡಿದ ಚಿಕೂನ್‌ಗುನ್ಯಾ ನೆನಪಿರುವವರಿಗೆ ಗೊತ್ತು: ಜ್ವರ ವಾರದಲ್ಲಿ ಇಳಿದರೂ ಬೆರಳು, ಮಣಿಕಟ್ಟು, ಮಂಡಿಯ ನೋವು ತಿಂಗಳುಗಟ್ಟಲೆ ಉಳಿಯಿತು. ಬಟ್ಟೆ ಹಿಂಡಲಾಗದ, ನೀರಿನ ಕೊಡ ಎತ್ತಲಾಗದ ಹಿರಿಯರು ಅಂದು ಊರೂರಲ್ಲಿ ಇದ್ದರು.

ಪ್ರೀತಿ ಕಿತ್ತುಕೊಳ್ಳುವ ಕೆಲಸ

ನಮ್ಮ ಮನೆಗಳಲ್ಲಿ ಕಾಯಿಲೆಯಿಂದ ಎದ್ದವರಿಗೆ ಸಿಗುವ ಆರೈಕೆ ದೊಡ್ಡದು. ಆದರೆ ಅದೇ ಆರೈಕೆ ಮಿತಿ ಮೀರಿದಾಗ ಹಿರಿಯರನ್ನು ಮತ್ತೆ ಮಲಗಿಸುತ್ತದೆ. ‘ನೀನು ಏಳಬೇಡಮ್ಮ, ನಾನು ತಂದ್ಕೊಡ್ತೀನಿ’ ಎನ್ನುತ್ತಾಳೆ ಮಗಳು. ‘ಬ್ಯಾಂಕಿಗೆ ನೀವ್ಯಾಕೆ ಬರ್ತೀರಿ ಅಪ್ಪ, ಸಹಿ ಹಾಕಿಕೊಡಿ ಸಾಕು’ ಎನ್ನುತ್ತಾನೆ ಮಗ. ಮೊದಲ ಹದಿನೈದು ದಿನಕ್ಕೆ ಇದು ಬೇಕಾದ ಆಸರೆ. ಮೂರು ತಿಂಗಳಾದರೂ ಹೀಗೇ ನಡೆದರೆ ಲೋಟ ತೊಳೆಯುವುದು, ಹೂವು ಬಿಡಿಸುವುದು, ಪಾಸ್‌ಬುಕ್ ನೋಡುವುದು ಒಂದೊಂದಾಗಿ ಅವರ ಕೈತಪ್ಪುತ್ತವೆ. ವೈರಸ್ ಬಿಟ್ಟುಹೋದ ಬಲವನ್ನು ನಾವೇ ಕಿತ್ತುಕೊಂಡಂತಾಗುತ್ತದೆ. ಕೆಲಸದಲ್ಲಿ ಕೈಜೋಡಿಸೋಣ, ಕೆಲಸವನ್ನೇ ಕಸಿಯಬಾರದು.

ಮನೆಯಲ್ಲಿ ಆಗಬೇಕಾದದ್ದು

ಮೊದಲು ಬಚ್ಚಲುಮನೆ ನೋಡಿ. ಸ್ನಾನಕ್ಕೆ ಜಾರದ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಭದ್ರವಾದ ಹಿಡಿಕೆ, ಒಣಗಿದ ನೆಲ, ರಾತ್ರಿ ಉರಿಯುವ ಸಣ್ಣ ದೀಪ ಇರಲಿ. ಕೆಳಗೆ ಕೂತು ಏಳುವ ಶೌಚಾಲಯವಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ತಂದಿಡಿ. ಒಬ್ಬರೇ ಶೌಚಕ್ಕೆ ಹೋಗಿಬರುವ ಮಾನ ಹಿರಿಯರಿಗೆ ಎಲ್ಲಕ್ಕಿಂತ ದೊಡ್ಡದು.

ಎರಡನೆಯದು ಕಾಲಿನ ಬಲ. ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದೇ ಒಳ್ಳೆಯ ವ್ಯಾಯಾಮ. ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅದನ್ನು ಸ್ನಾಯು ಕುಂದಿರಬಹುದಾದ ಸೂಚನೆಯೆಂದು ಏಷ್ಯಾದ ತಜ್ಞರ 2019ರ ಮಾರ್ಗಸೂಚಿ ಪರಿಗಣಿಸುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿರಲಿ, ಕುರ್ಚಿ ಗೋಡೆಗೆ ಒತ್ತಿರಲಿ.

ಮೂರನೆಯದು ತಟ್ಟೆ. ಕಾಯಿಲೆಯವರಿಗೆ ವಾರಗಟ್ಟಲೆ ಬರೀ ಗಂಜಿ, ತಿಳಿಸಾರು ಅನ್ನ ಹಾಕಿದರೆ ಸ್ನಾಯು ಬೆಳೆಯದು. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ, ಕಾಯಿಲೆ ಬಿದ್ದಾಗ 1.5 ಗ್ರಾಂವರೆಗೂ ಪ್ರೊಟೀನ್ ಬೇಕೆನ್ನುತ್ತಾರೆ ತಜ್ಞರು. 50 ಕಿಲೋ ತೂಗುವ ಅಜ್ಜಿಗೆ ಎಂದರೆ ದಿನಕ್ಕೆ 50 ಗ್ರಾಂಗೆ ಕಡಿಮೆಯಾಗಬಾರದು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಗಟ್ಟಿ ತೊವ್ವೆ, ಹುರುಳಿ ಸಾರು, ಮೊಳಕೆಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ಮೀನು, ಮೊಟ್ಟೆ ಮೂರೂ ಹೊತ್ತಿಗೆ ಹಂಚಿಹೋಗಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಒಂದು ಎಚ್ಚರ: ಎಲ್ಲರನ್ನೂ ‘ನಡೆಯಿರಿ, ನಡೆಯಿರಿ’ ಎಂದು ದೂಡಬಾರದು. ಸೋಂಕು ತಗುಲಿ ಸುಮಾರು ಮೂರು ತಿಂಗಳ ಹೊತ್ತಿಗೆ, ಬೇರೆ ಕಾರಣ ಕಾಣದೆ ಎರಡು ತಿಂಗಳಾದರೂ ಉಳಿಯುವ ಸುಸ್ತು, ಉಬ್ಬಸ, ಮರೆವಿನಂಥ ತೊಂದರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೋವಿಡ್ ನಂತರದ ಸ್ಥಿತಿ ಎಂದು ಗುರುತಿಸಿದೆ. ಇಂಥವರಲ್ಲಿ ಕೆಲವರು ಇಂದು ಸ್ವಲ್ಪ ಹೆಚ್ಚು ದುಡಿದರೆ ನಾಳೆ, ನಾಡಿದ್ದು ಹಾಸಿಗೆ ಹಿಡಿಯುತ್ತಾರೆ. ಅವರು ಕೆಲಸವನ್ನು ತುಂಡು ತುಂಡಾಗಿ, ನಡುನಡುವೆ ಕೂತು, ದಣಿಯುವ ಮೊದಲೇ ನಿಲ್ಲಿಸಿ ಮಾಡಬೇಕು. ತರಕಾರಿ ಹೆಚ್ಚುವುದನ್ನು ಕೂತೇ ಮಾಡಲಿ. ಸ್ನಾನ ಮಾಡಿದ ಬೆನ್ನಿಗೇ ಅಡುಗೆಗೆ ಇಳಿಯುವುದು ಬೇಡ. ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದು ಕಾಲು ಊದಿಕೊಂಡರೆ, ಮಾತು ಇದ್ದಕ್ಕಿದ್ದಂತೆ ತಡಬಡಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬಿಡುಗಡೆಯ ಚೀಟಿಯಲ್ಲಿ ಮಾತ್ರೆಯ ಹೆಸರುಗಳ ಜೊತೆಗೆ ವ್ಯಾಯಾಮ, ಊಟ, ಮತ್ತೆ ತೋರಿಸುವ ದಿನ ಮೂರೂ ಇರುವಂತೆ ಆಸ್ಪತ್ರೆಗಳು ನೋಡಿಕೊಳ್ಳಬೇಕು. ತಾಲ್ಲೂಕು ಮಟ್ಟದಲ್ಲಿ ಫಿಸಿಯೋಥೆರಪಿ ಸಿಗದೆ ಈ ಮಾತು ಪೂರ್ಣವಾಗದು. ನೋಡಿಕೊಳ್ಳುವವರಿಲ್ಲದ ಹಿರಿಯರಿಗೆ ನೆರವು, ಮಾಹಿತಿ ಬೇಕಾದರೆ 14567 ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ನಿಮ್ಮ ಮನೆಯಲ್ಲಿ ಜ್ವರದಿಂದ ಎದ್ದ ಹಿರಿಯರಿದ್ದರೆ ಮೇಲಿನ ಆರು ಕೆಲಸಗಳಲ್ಲಿ ಯಾವುದನ್ನು ತಾವೇ ಮಾಡುತ್ತಿದ್ದಾರೆ, ಯಾವುದು ನಿಂತಿದೆ ಎಂದು ಇಂದೇ ನೋಡಿ. ನಿಂತಿರುವ ಒಂದು ಕೆಲಸವನ್ನು ಈ ವಾರ ಅವರ ಕೈಗೆ ಮರಳಿಸಿ, ಪಕ್ಕದಲ್ಲಿ ನೀವಿರಿ.