ಸೈಕಲ್ ವ್ಯಾಯಾಮದಲ್ಲಿ ಎರಡು ಅಳತೆ: ಯಾವುದನ್ನು ನಂಬಬೇಕು?

ವ್ಯಾಯಾಮವು ಆರೋಗ್ಯಕ್ಕೆ ಅಗತ್ಯವೆಂಬುದನ್ನು ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಎಷ್ಟು ಮಾಡಬೇಕು ಎಂಬುದೇ ಕಠಿಣವಾದ ಪ್ರಶ್ನೆ. ಈ ‘ಎಷ್ಟು’ ಎಂಬುದನ್ನು ಅಳೆದು ತೋರಿಸುವ ಯಂತ್ರಗಳು ಈಗ ಭಕ್ತರ ಮನೆಗಳಿಗೂ ಬಂದಿವೆ. ಒಂದೇ ಶ್ರಮಕ್ಕೆ ಎರಡು ಯಂತ್ರಗಳು ಎರಡು ಬಗೆಯ ಅಂಕಿ ತೋರಿಸಿದರೆ ಏನು ಮಾಡಬೇಕೆಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ನಮ್ಮ ಚಿಕಿತ್ಸಾಲಯಕ್ಕೆ ಬರುವ, ಅರವತ್ತು ದಾಟಿದ ನಿವೃತ್ತ ಉಪನ್ಯಾಸಕರೊಬ್ಬರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಅಳವಡಿಸಲಾಗಿತ್ತು. ಚೇತರಿಸಿಕೊಂಡ ಬಳಿಕ ಹೃದ್ರೋಗ ತಜ್ಞರು ಪರೀಕ್ಷಿಸಿ, ಸೈಕಲ್ ತುಳಿಯಬಹುದು, ಆದರೆ 90 ವಾಟ್ ಮೀರಬಾರದು ಎಂದು ಮಿತಿ ಹಾಕಿದ್ದರು. ಮಗನು ತನ್ನ ಸೈಕಲ್ಲಿನ ಹಿಂಬದಿ ಚಕ್ರಕ್ಕೆ ಒಳಾಂಗಣ ಟ್ರೇನರ್ ಜೋಡಿಸಿಕೊಟ್ಟನು. ಆ ಸೈಕಲ್ಲಿಗೆ ಶಕ್ತಿಮಾಪಕ ಪೆಡಲೂ ಇದ್ದಿತು. ಟ್ರೇನರ್ 90 ತೋರಿಸುವಾಗ ಪೆಡಲು 108 ತೋರಿಸುತ್ತಿತ್ತು. ಹಿರಿಯರು ಟ್ರೇನರನ್ನೇ ನಂಬಿದರು. ಎರಡನೆಯ ವಾರದಲ್ಲಿ ಒಂದು ದಿನ, ತುಳಿಯುತ್ತಿರುವಾಗ ಮಡದಿ ಕೇಳಿದ ಪ್ರಶ್ನೆಗೆ ಒಂದು ವಾಕ್ಯದಷ್ಟು ಉತ್ತರ ಹೇಳಲೂ ಉಸಿರು ಸಾಲದಾಯಿತು. ಎದೆಯಲ್ಲಿ ಭಾರ ಕಾಣಿಸಿತು. ನಮ್ಮಲ್ಲಿಗೆ ಬಂದಾಗ ನಾವು ಔಷಧ ಕೊಡದೆ ಕೂಡಲೇ ಹೃದ್ರೋಗ ತಜ್ಞರಲ್ಲಿಗೆ ಕಳುಹಿಸಿದೆವು. ಪುಣ್ಯವಶಾತ್ ಹೊಸ ಅಡಚಣೆ ಇರಲಿಲ್ಲ. ಶ್ರಮವು ಮಿತಿ ಮೀರಿತ್ತು.

ವಾಟ್ ಎಂದರೇನು? ಒಂದು ಸೆಕೆಂಡಿನಲ್ಲಿ ಮಾಡುವ ಕೆಲಸದ ಅಳತೆ. ಹತ್ತು ಲೀಟರ್ ನೀರನ್ನು ಬಾವಿಯಿಂದ ಸೆಕೆಂಡಿಗೆ ಒಂದು ಮೀಟರಿನಂತೆ ಮೇಲಕ್ಕೆ ಸೇದಿದರೆ ಸುಮಾರು 98 ವಾಟ್ ಆಗುತ್ತದೆ. ಸೈಕಲ್ಲಿನಲ್ಲಿ ಕಾಲು ಒತ್ತುವ ಬಲ ಮತ್ತು ತಿರುಗುವ ವೇಗ ಇವೆರಡೂ ಸೇರಿ ಈ ಅಂಕಿ ದೊರೆಯುತ್ತದೆ.

ಪೆಡಲಿನ ಮಾಪಕವು ಈ ಬಲವನ್ನು ಪಾದದ ಬಳಿಯೇ ಅಳೆಯುತ್ತದೆ. ತುಳಿದಾಗ ಪೆಡಲಿನ ಅಚ್ಚು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಒಳಗಿನ ಸೂಕ್ಷ್ಮ ಪಟ್ಟಿಗಳು ಗುರುತಿಸುತ್ತವೆ. ಟ್ರೇನರ್ ಅಳೆಯುವುದು ಕೊನೆಯಲ್ಲಿ, ಚಕ್ರದ ಬಳಿ. ನಡುವೆ ಸರಪಳಿ ಮತ್ತು ಹಲ್ಲುಚಕ್ರಗಳಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಭಾಗದಷ್ಟು ಶಕ್ತಿ ಘರ್ಷಣೆಗೆ ಸಲ್ಲುತ್ತದೆ. ಆದುದರಿಂದ ಟ್ರೇನರ್ ಸ್ವಲ್ಪ ಕಡಿಮೆ ತೋರಿಸುವುದು ಸಹಜವೇ ಹೊರತು ದೋಷವಲ್ಲ. ಆದರೆ 18 ವಾಟಿನ ಅಂತರ ಸಹಜವಲ್ಲ. ಮಗನನ್ನು ಕರೆಸಿ, ಒಂದೊಂದೇ ಕಾರಣವನ್ನು ಪರಿಶೀಲಿಸಿದೆವು.

ಮೊದಲನೆಯದು, ಟೈರಿನ ಗಾಳಿ. ಟೈರು ಉರುಳೆಯ ಮೇಲೆ ತಿರುಗುವ ಬಗೆಯ ಟ್ರೇನರಿನಲ್ಲಿ ಗಾಳಿ ಕಡಿಮೆಯಿದ್ದರೆ, ಅಥವಾ ಒತ್ತುವ ತಿರುಪನ್ನು ದಿನಕ್ಕೊಂದು ಬಗೆಯಲ್ಲಿ ಬಿಗಿದರೆ, ಅಂಕಿ ಬದಲಾಗುತ್ತದೆ. ಪ್ರತಿ ಸಲವೂ ಒಂದೇ ಗಾಳಿ, ತಿರುಪಿಗೆ ಒಂದೇ ಸುತ್ತು ಇರಬೇಕು. ಹತ್ತು ಹದಿನೈದು ನಿಮಿಷ ಹಗುರವಾಗಿ ತುಳಿದು ಯಂತ್ರ ಬಿಸಿಯಾದ ಮೇಲೆ, ಅದರ ಕೈಪಿಡಿಯಲ್ಲಿ ಹೇಳಿದಂತೆ ಟ್ರೇನರನ್ನು ಸರಿಹೊಂದಿಸಬೇಕು.

ಎರಡನೆಯದು, ಪೆಡಲಿನ ಶೂನ್ಯ. ವ್ಯಾಪಾರಿ ತೂಗುವ ಮುನ್ನ ಬರಿದಾದ ತಕ್ಕಡಿಯ ಮುಳ್ಳನ್ನು ನೋಡುವಂತೆ, ಪೆಡಲಿನ ಮೇಲೆ ಕಾಲಿಡದೆ ಶೂನ್ಯವನ್ನು ನಿಗದಿಪಡಿಸಬೇಕು. ಹವೆಯ ಉಷ್ಣತೆ ಬದಲಾದರೂ ಶೂನ್ಯ ಸರಿಯುತ್ತದೆ.

ಮೂರನೆಯದು, ಕ್ರ್ಯಾಂಕಿನ ಉದ್ದ. ಪೆಡಲು ಲೆಕ್ಕ ಹಾಕುವುದು ಈ ಉದ್ದದಿಂದಲೇ. 165 ಮಿ.ಮೀ. ಇರುವಲ್ಲಿ 172.5 ಎಂದು ನಮೂದಿಸಿದರೆ ನೂರಕ್ಕೆ ನಾಲ್ಕೂವರೆ ಭಾಗ ಹೆಚ್ಚಿಗೆ ತೋರುತ್ತದೆ. ಇವರಲ್ಲಿ ಇದು ಸರಿಯಾಗಿತ್ತು.

ನಾಲ್ಕನೆಯದೇ ನಮ್ಮ ಗಮನ ಸೆಳೆದದ್ದು. ಇವರ ಪೆಡಲಿನಲ್ಲಿ ಮಾಪಕ ಎಡಗಡೆ ಮಾತ್ರ ಇದ್ದಿತು. ಅದು ಎಡಗಾಲಿನ ಬಲವನ್ನು ಅಳೆದು ಎರಡರಿಂದ ಗುಣಿಸುತ್ತದೆ. ಇವರಿಗೆ ಬಲ ಮೊಣಕಾಲಿನಲ್ಲಿ ಹಳೆಯ ಸಂಧಿವಾತ; ಬಲ ತೊಡೆಯ ಸ್ನಾಯು ಎಡತೊಡೆಗಿಂತ ಸೊರಗಿತ್ತು. ನೂರು ಪಾಲು ಶ್ರಮದಲ್ಲಿ ಎಡಗಾಲು 53 ಪಾಲು ಮಾಡಿದರೆ, ಅಂತಹ ಪೆಡಲು 106 ಎಂದು ಹೇಳುತ್ತದೆ.

ಎಲ್ಲವನ್ನೂ ಸರಿಪಡಿಸಿದ ಬಳಿಕ ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ, ಮಿತಿಯೊಳಗೇ ಇರುವ ಮೂರು ಮಟ್ಟಗಳಲ್ಲಿ ತಲಾ ಐದು ನಿಮಿಷ ತುಳಿಸಿದೆವು. ಮೊದಲ ನಿಮಿಷವನ್ನು ಬಿಟ್ಟು ಉಳಿದುದರ ಸರಾಸರಿಯನ್ನು ಬರೆದುಕೊಂಡೆವು. ಕ್ಷಣಕ್ಷಣದ ಅಂಕಿಗಳನ್ನು ಹೋಲಿಸುವುದು ವ್ಯರ್ಥ. ಮೂರು ಮಟ್ಟಗಳಲ್ಲೂ ಅಂತರ ಅಷ್ಟೇ ವಾಟ್ ಇದ್ದರೆ ದೋಷವು ಬಹುತೇಕ ಶೂನ್ಯದಲ್ಲಿರುತ್ತದೆ. ಶ್ರಮದೊಂದಿಗೆ ಅಂತರವೂ ಬೆಳೆದರೆ ಕ್ರ್ಯಾಂಕಿನ ಉದ್ದ, ಘರ್ಷಣೆ, ಕಾಲುಗಳ ಅಸಮತೆ ಇವುಗಳಲ್ಲಿರುತ್ತದೆ. ಇವರಲ್ಲಿ ಅಂತರ ಶ್ರಮದೊಂದಿಗೇ ಬೆಳೆಯಿತು. ಆದರೆ ಪೆಡಲು 90 ತೋರಿಸುವಾಗ ಟ್ರೇನರ್ ಈಗ 82 ತೋರಿಸಿತು. ಉಳಿದ 8 ವಾಟಿಗೆ ಸರಪಳಿಯ ಘರ್ಷಣೆಯೂ ಸೊರಗಿದ ಕಾಲೂ ಕಾರಣವೆಂದು ತಿಳಿದ ಮೇಲೆ ಆತಂಕಕ್ಕೆ ಎಡೆಯಿಲ್ಲ.

ಟ್ರೇನರನ್ನು ಪೆಡಲಿನ ಅಂಕಿಯಂತೆಯೇ ನಡೆಸುವ ಸೌಕರ್ಯವೂ ಕೆಲವು ಯಂತ್ರಗಳಲ್ಲಿದೆ. ಅದರಿಂದ ಅಂಕಿಗಳ ಜಗಳ ನಿಲ್ಲುತ್ತದೆ, ಆದರೆ ಪೆಡಲಿನ ತಪ್ಪು ಟ್ರೇನರಿಗೂ ಅಂಟಿಕೊಳ್ಳುತ್ತದೆ.

ಹಾಗಾದರೆ ಯಾವುದನ್ನು ನಂಬಬೇಕು? ಒಂದನ್ನು ಆರಿಸಿಕೊಂಡು ಅದಕ್ಕೇ ನಿಷ್ಠರಾಗಿರಬೇಕು. ವೈದ್ಯರು ಮಿತಿ ಹಾಕಿದವರು ಹೆಚ್ಚು ತೋರಿಸುವ ಮಾಪಕವನ್ನೇ ಹಿಡಿಯುವುದು ಕ್ಷೇಮ. ಆಸ್ಪತ್ರೆಯಲ್ಲಿ ಮಿತಿ ನಿರ್ಧರಿಸಿದ ಸೈಕಲ್ಲು ಮೂರನೆಯ ತಕ್ಕಡಿ ಎಂಬುದನ್ನೂ ಮರೆಯಬಾರದು. ಮನೆಯ ಅಂಕಿಗಳನ್ನು ಬರೆದೊಯ್ದು ತಜ್ಞರಿಗೆ ತೋರಿಸಬೇಕು.

ಇವೆಲ್ಲಕ್ಕಿಂತ ಹಳೆಯ ಮಾಪಕವೊಂದಿದೆ. ವ್ಯಾಯಾಮವನ್ನು ನಮ್ಮ ಬಲದ ಅರ್ಧದಷ್ಟೇ ಮಾಡಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಉಸಿರು ಬಾಯಿಯಿಂದ ಹೊರಡಲಾರಂಭಿಸುವುದು, ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಇವು ಅರ್ಧಬಲದ ಲಕ್ಷಣಗಳೆಂದು ಆಯುರ್ವೇದ ಗುರುತಿಸಿದೆ. ಅಲ್ಲಿಗೆ ನಿಲ್ಲಬೇಕು. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ ಸೇವಿಸುವವರಿಗೆ ನಾಡಿಯ ಎಣಿಕೆಯೂ ದಾರಿ ತಪ್ಪಿಸಬಹುದು. ಆದರೆ ಮಾತು ತಡವರಿಸುವಷ್ಟು ಏದುಸಿರು ಬಂದರೆ ಶ್ರಮ ಹೆಚ್ಚಾಯಿತೆಂದೇ ತಿಳಿಯಬೇಕು. ಎದೆಭಾರ, ತಲೆಸುತ್ತು, ಎಡತೋಳಿನ ನೋವು ಕಂಡರೆ ಯಂತ್ರ ಏನೇ ಹೇಳಲಿ, ತಕ್ಷಣ ತುಳಿಯುವುದನ್ನು ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಆ ಹಿರಿಯರು ಈಗ ತಜ್ಞರ ಒಪ್ಪಿಗೆಯಂತೆ ಪೆಡಲಿನ 80ರಲ್ಲೇ ಸೈಕಲ್ ತುಳಿಯುತ್ತಾರೆ; ಬಲಗಾಲಿಗೆ ಅಭ್ಯಂಗ ಮತ್ತು ಹಗುರವಾದ ಪ್ರತ್ಯೇಕ ಅಭ್ಯಾಸ ನಡೆದಿದೆ. ಮಡದಿ ಪಕ್ಕದಲ್ಲಿ ಕುಳಿತು ಮಾತನಾಡಿಸುತ್ತಿರುತ್ತಾರೆ. ಅವರಿಗೆ ಉತ್ತರ ಸರಾಗವಾಗಿ ಬರುತ್ತಿದ್ದರೆ ಆ ದಿನದ ಅಳತೆ ಸರಿಯಿದೆಯೆಂದೇ ಅರ್ಥ.