ದೇವಿಯ ಪೀಠದಲ್ಲಿ ಅಶೋಕನ ಶಾಸನ

1986. ಕಲಬುರಗಿ ಜಿಲ್ಲೆಯ ಸನ್ನತಿ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದುಬಿತ್ತು. ಮೂರ್ತಿ ಒಡೆಯಿತು. ನೋಡಿದರೆ, ಮೂರ್ತಿ ನಿಂತಿದ್ದ ಪೀಠದ ಕಲ್ಲಿನ ಮೇಲೆ ಸಾಲುಸಾಲು ಅಕ್ಷರ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಸಾಕ್ಷಾತ್ ಅಶೋಕನ ಶಾಸನಗಳು, ಅದೂ ಕಲ್ಲಿನ ಎರಡೂ ಬದಿಗೆ.

ಕಲ್ಲನ್ನು ಹತ್ತಿರದಿಂದ ನೋಡಿ. ನಟ್ಟನಡುವೆ ಆಯತಾಕಾರದ ತೂತು. ಮೂರ್ತಿ ಕೂರಿಸಲು ಯಾವ ಕಾಲದಲ್ಲೋ ಕೊರೆದದ್ದು. ಅಲ್ಲಿದ್ದ ಅಕ್ಷರಗಳು ಹೋದವು, ನಿಜ. ಆದರೆ ದೇವಿಯ ಪೀಠವಾಗಿದ್ದರಿಂದಲೇ ಉಳಿದದ್ದು ಇಷ್ಟಾದರೂ ಉಳಿಯಿತು ಅನಿಸುತ್ತದೆ ನನಗೆ. ಅಶೋಕನ ಶಿಲಾಶಾಸನಗಳ ಸಾಲಿನಲ್ಲಿ 12ನೆಯದು ಈ ಕಲ್ಲಿನ ಮೇಲಿದೆ. ಅದರಲ್ಲಿ ಅವನು ಕೇಳಿಕೊಳ್ಳುವುದು ಇಷ್ಟು: ನಿಮ್ಮ ಮತವನ್ನು ಹೊಗಳಿಕೊಳ್ಳುತ್ತ ಬೇರೆಯವರದನ್ನು ಹಳಿಯಬೇಡಿ.

ಇನ್ನೂ ಇದೆ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅಲ್ಲಿನ ಒಂದು ಸುಣ್ಣಕಲ್ಲಿನ ಫಲಕದಲ್ಲಿ ರಾಜ, ರಾಣಿ, ಛತ್ರ-ಚಾಮರ ಹಿಡಿದ ಸೇವಕಿಯರು. ಜೊತೆಗೆ ಬ್ರಾಹ್ಮಿಯಲ್ಲಿ ಬರಹ: ರಾಜ ಅಶೋಕ. ಹೆಸರು ಸಮೇತ ಅವನ ಶಿಲ್ಪ! ಅವನು ತೀರಿಹೋಗಿ ಶತಮಾನಗಳಾದ ಮೇಲೆ ಕೆತ್ತಿದ್ದು, ಹಾಗಾಗಿ ಅವನ ಮುಖ ಹೀಗೇ ಇತ್ತು ಎನ್ನಲಾಗದು. ಆದರೂ ಕಲಬುರಗಿ ಕಡೆ ಹೋದರೆ ಇವೆರಡನ್ನೂ ನೋಡದೇ ಬರಬೇಡಿ.